ಕೊಳೆತದ್ದನ್ನು ಕೊಯ್ದು ತೆಗೆದ ಮೇಲೆ

ಸೇಬನ್ನು ಮೂಸಿಯೇ ಅದು ಯಾವ ಮರದ್ದು, ಯಾವ ಕೊಂಬೆಯದ್ದು ಎಂದು ಹೇಳಬಲ್ಲವಳು ನಾನು. ಅರ್ಧ ಸುಳ್ಳು, ಒಪ್ಪುತ್ತೇನೆ. ಕೊಂಬೆಯ ಮಾತು ನಾನೇ ಸೇರಿಸಿದ್ದು.

ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ನನ್ನ ಮಾತಿಗೆ ಗೋಡೆಯೂ ಹೂಂ ಅನ್ನುತ್ತಿರಲಿಲ್ಲ. ಹಣ್ಣಿನ ರಸದ ಕಾರ್ಖಾನೆಯಲ್ಲಿ ಸೇಬು ಆರಿಸುವ ಮೇಜಿಗೆ ಸೇರಿದ ಮೇಲೆಯೇ ನನಗೆ ಮತ್ತೆ ಬಾಯಿ ಬಂದದ್ದು. ಎಂಟು ಹೆಂಗಸರು, ಎಂಟು ಸಾವಿರ ಮಾತು. ಕೊಳೆತ ಕಲೆಯಿದ್ದರೆ ಹಣ್ಣನ್ನು ಇಡಿಯಾಗಿ ಎಸೆಯಬೇಕು ಎಂಬುದು ಅಲ್ಲಿಯ ನಿಯಮ. ಎಸೆಯಲು ನನ್ನ ಕೈ ಏಳುತ್ತಿರಲಿಲ್ಲ. ಮನೆಯಲ್ಲಿ ಮಾಡುವಂತೆ ಕಂದು ಭಾಗವನ್ನಷ್ಟೇ ಕೊಯ್ದು, ಉಳಿದದ್ದನ್ನು ಒಳ್ಳೆಯ ರಾಶಿಗೆ ತಳ್ಳಿಬಿಡುತ್ತಿದ್ದೆ.

ಒಂದು ದಿನ ಪರೀಕ್ಷೆಯ ಕೋಣೆಯ ವಿನುತಾ ಕಾಗದವೊಂದನ್ನು ಹಿಡಿದು ಬಂದಳು. ಅದರ ಮೇಲೆ ಚಪ್ಪಟೆ ಗೆರೆಯ ನಡುವೆ ಒಂದು ಮುಳ್ಳು ಎದ್ದು ನಿಂತಿತ್ತು.

"ರಸದಲ್ಲಿ ಬೂಷ್ಟಿನ ವಿಷ ಇದೆ. ಯಂತ್ರ ರಸದಲ್ಲಿರೋದನ್ನೆಲ್ಲ ಬೇರೆ ಬೇರೆ ಮಾಡಿ ತೋರಿಸತ್ತೆ. ಈ ಮುಳ್ಳೇ ಅದು. ಕೊಳೆತದ್ದಷ್ಟೇ ಕೊಯ್ದು ಹಣ್ಣನ್ನ ರಾಶಿಗೆ ಹಾಕ್ತಿರೋರು ಯಾರು? ಕೊಯ್ದರೂ ವಿಷ ಸುತ್ತ ಇಳಿದಿರತ್ತೆ, ಕುದಿಸಿದ್ರೂ ಹೋಗಲ್ಲ. ಹೇಳದಿದ್ರೆ ಯಜಮಾನರು ಎಂಟೂ ಜನರನ್ನ ಮನೆಗೆ ಕಳಿಸ್ತಾರೆ."

ಪಕ್ಕದ ದುಂಡಮ್ಮ ನನ್ನ ಚಾಕುವನ್ನೇ ನೋಡಿದಳು. "ಬಾಯಿ ಬಿಡಬೇಡ ಕಣೇ ಚೆನ್ನಿ," ಎಂದು ಪಿಸುಗುಟ್ಟಿದಳು.

"ನನ್ನ ಬಾಯಿ ಯಾವತ್ತು ಮುಚ್ಚಿತ್ತು ಹೇಳು?" ಎಂದು ವಿನುತಾಳತ್ತ ತಿರುಗಿದೆ. "ನಾನೇ ಕಣಮ್ಮ."

ಮೇಜಿನ ಕೆಲಸ ತಪ್ಪಿತು. ವಿನುತಾ ಯಜಮಾನರನ್ನು ಬೇಡಿಕೊಂಡದ್ದರಿಂದ ಅವಳ ಕೋಣೆಯಲ್ಲೇ ಸೀಸೆ ತೊಳೆಯುವ ಕೆಲಸ ಸಿಕ್ಕಿತು. ಅಲ್ಲಿ ಯಂತ್ರದ ಗುಂಯ್ ಸದ್ದು, ಅವಳ ಬೆನ್ನು, ನಾನು. ಗೋಡೆಯಾಚೆ ಮೇಜಿನವರ ನಗು ಕೇಳಿಸುತ್ತಿತ್ತು. ಯಾವುದಕ್ಕೆ ನಕ್ಕರೆಂದು ಮಾತ್ರ ತಿಳಿಯುತ್ತಿರಲಿಲ್ಲ.

ಹತ್ತನೆಯ ದಿನ, ನಾನಿಲ್ಲದ ಮೇಜಿನ ರಸ ಪರೀಕ್ಷೆಗೆ ಬಂತು.

"ಇಪ್ಪತ್ತು ನಿಮಿಷ ಆಗತ್ತೆ ಅಜ್ಜಿ," ಅಂದಳು ವಿನುತಾ.

ನಾನು ಅವಳ ಹಿಂದೆ ನಿಂತು, ಮುಳ್ಳು ಏಳಲಿ ಎಂದು ಮುಕ್ಕೋಟಿ ದೇವರಿಗೆ ಹರಕೆ ಹೊತ್ತೆ. ಎದ್ದರೆ ತಪ್ಪು ನನ್ನದೊಂದೇ ಅಲ್ಲವೆಂದಾಗುತ್ತದೆ, ಮತ್ತೆ ಮೇಜಿಗೆ ಹೋಗಬಹುದು. ಯಂತ್ರದ ಪರದೆಯ ಮೇಲೆ ಗೆರೆ ತೆವಳಿತು, ತೆವಳಿತು. ಏಳಲೇ ಇಲ್ಲ.

"ಶುದ್ಧ," ಎಂದವಳು ನನ್ನ ಮುಖ ನೋಡಿದಳು. ಇನ್ನೊಂದು ಸೀಸೆಯನ್ನು ಯಂತ್ರಕ್ಕಿಟ್ಟು, ಊಟದ ಡಬ್ಬಿ ಎತ್ತಿಕೊಂಡು ಹೊರಗಿನ ಮೆಟ್ಟಿಲಿಗೆ ನಡೆದಳು.

"ಬನ್ನಿ ಅಜ್ಜಿ. ಮತ್ತೆ ಇಪ್ಪತ್ತು ನಿಮಿಷ ಇದೆ."

"ದಿನಾ ಯಾರ ಜೊತೆ ಉಣ್ತೀಯೇ?"

"ಈ ಮೆಟ್ಟಿಲ ಜೊತೆ. ನಾಲ್ಕು ವರ್ಷ ಆಯ್ತು."

ಅವಳು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ನಾನು ಕೂತು ಮಾತಿಗೆ ಬಾಯಿ ಬಿಚ್ಚಿದೆ. ಒಳಗೆ ಇಪ್ಪತ್ತು ನಿಮಿಷ ಮುಗಿದು, ಗೆರೆ ನಿಂತು, ಯಂತ್ರ ತನ್ನಷ್ಟಕ್ಕೆ ಕಾಯುತ್ತಿತ್ತು. ನಾವಿಬ್ಬರೂ ಎದ್ದು ಒಳಗೆ ಹೋದದ್ದು ಎಷ್ಟು ಹೊತ್ತಿಗೆ? ಹೇಳಿ ನೋಡೋಣ.