ಬಿಗಿ ಎನ್ನದೆ ಮುಚ್ಚಿದ್ದು

ಒಂದು ಮನೆಯ ಒಳಗಿನ ಜಗಳವನ್ನು ಹೊರಗಿನವರ ಮುಂದೆ ಹೇಳುವುದು ಸರಿಯೋ ತಪ್ಪೋ ಎಂಬ ಅಳುಕು ನನಗೆ ಇನ್ನೂ ಹೋಗಿಲ್ಲ. ಜಗಳ ಒಬ್ಬ ಅಕ್ಕ, ಅವಳ ಗಂಡ, ಅವಳ ತಮ್ಮ ಈ ಮೂವರದು. ಅದೂ ಅಲ್ಲದೆ ಇದು ಎಂಜಿನ್ ಬಿಚ್ಚುವವರ ಕಥೆ. ಎಲ್ಲಾದರೂ ಎಡವಿದ್ದರೆ ಬಲ್ಲವರು ಮನ್ನಿಸಬೇಕು.

ಅಕ್ಕನ ಮನೆಯ ಅಂಗಳದಲ್ಲಿ ಕಾರಿನ ಬಲಗಡೆಯ ಮುಂಚಕ್ರವನ್ನು ಬಿಚ್ಚಿ ಗೋಡೆಗೆ ಒರಗಿಸಿಯಾಗಿತ್ತು. ತಮ್ಮ ಗೋಣಿಚೀಲ ಹಾಸಿಕೊಂಡು ಅಡಿಗೆ ತೂರಿ ರೇಡಿಯೇಟರಿನ ಕೆಳಗಿನ ಪೈಪನ್ನು ಸಡಿಲಿಸಿದ. ಹಸಿರು ನೀರು ಅಕ್ಕ ಬಟ್ಟೆ ನೆನೆಸುವ ಬೇಸಿನ್ನಿಗೆ ಸುರಿಯತೊಡಗಿತು. ಎರಡು ಮಾರು ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಭಾವ ನೋಡುತ್ತಿದ್ದ. ಬಚ್ಚಲಲ್ಲಿ ಜಾರಿ ಬಿದ್ದು ಅವನ ಬಲಗೈ ಮುರಿದಿತ್ತು. ಬೆರಳ ಬುಡದಿಂದ ಮೊಣಕೈ ದಾಟುವವರೆಗೆ ಪ್ಲಾಸ್ಟರ್. ಊರಿಗೆಲ್ಲ ಎಂಜಿನ್ ರಿಪೇರಿ ಮಾಡುವವನು ಸ್ವಂತ ಕಾರಿಗೆ ಬೇರೆಯವರ ಕೈ ಕಾಯಬೇಕಾಗಿ ಬಂದಿತ್ತು.

ಕಾರು ಅಕ್ಕನ ಅನ್ನದ ದಾರಿ. ಹೋಟೆಲುಗಳ ಹಾಸಿಗೆ ಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿ, ಗಂಟು ಕಟ್ಟಿ ಅವಳೇ ಓಡಿಸಿಕೊಂಡು ಹೋಗಿ ಕೊಟ್ಟು ಬರುತ್ತಿದ್ದಳು. ವಾಟರ್ ಪಂಪ್ ಸೋರಲು ಶುರುವಾಗಿ ಎಂಜಿನ್ ಕಾಯತೊಡಗಿತು. ಆ ಪಂಪನ್ನು ತೆಗೆಯಬೇಕಾದರೆ ಎಂಜಿನ್ನಿನ ಭಾಗಗಳನ್ನು ಒಂದೇ ತಾಳದಲ್ಲಿ ತಿರುಗಿಸುವ ಹಲ್ಲಿನ ಪಟ್ಟಿ, ಟೈಮಿಂಗ್ ಬೆಲ್ಟ್, ಬಿಚ್ಚಲೇಬೇಕು. ಬೆಲ್ಟಿಗೂ ವಯಸ್ಸಾಗಿದ್ದರಿಂದ ಎರಡನ್ನೂ ಒಟ್ಟಿಗೇ ಬದಲಿಸುವುದೆಂದಾಯಿತು. ಹೊರಗಿನ ಮೆಕ್ಯಾನಿಕ್ಕನ್ನು ಕರೆಸಲು ಭಾವ ಒಪ್ಪಲಿಲ್ಲ. ಮನೆಯಲ್ಲಿ ಇಬ್ಬರು ಮೆಕ್ಯಾನಿಕ್ಕುಗಳಿದ್ದೂ ಮೂರನೆಯವನನ್ನು ಕರೆದರೆ ಜನ ನಗುತ್ತಾರೆಂದು ಅವನಿಗೆ ಗೊತ್ತಿತ್ತು. ಕೊನೆಗೆ ಅಕ್ಕನೇ ತಮ್ಮನಿಗೆ ಫೋನು ಮಾಡಿದಳು. ಕರೆದ ಬಾಯಲ್ಲೇ, "ಸ್ವಲ್ಪ ಗಮನ ಇಟ್ಟು ಮಾಡೋ, ಆ ಡಾಕ್ಟರ ಗಾಡಿ ಥರ ಮಾಡ್ಬೇಡ" ಎಂದಳು.

ಹಾಗೆನ್ನದಿದ್ದರೆ ಅವನು ಸುಮ್ಮನೆ ಕೆಲಸ ಮುಗಿಸಿ ಹೋಗುತ್ತಿದ್ದನೋ ಏನೋ.

ಭಾವ, ತಮ್ಮ ಇಬ್ಬರೂ ಒಂದೇ ಗ್ಯಾರೇಜಿನಲ್ಲಿದ್ದವರು. ಅಲ್ಲಿ ಒಂದು ರೂಢಿಯಿತ್ತು. ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಎಂಬ ಚಿಕ್ಕ ಗಾಲಿಯ ಬೋಲ್ಟನ್ನು ಬಿಗಿದವನು "ಬಿಗಿ" ಎಂದು ಕೂಗಬೇಕು. ಜೊತೆಗಾರ ಅದನ್ನು ಕೇಳಿಸಿಕೊಂಡು, ತಿರುಗಿ "ಬಿಗಿ" ಎಂದು ಹೇಳಿದ ಮೇಲೆಯೇ ಬೆಲ್ಟಿನ ಕವರ್ ಮುಚ್ಚಬೇಕು. ಹೊಸಬರು ಇದನ್ನು ನೋಡಿ ನಗುತ್ತಿದ್ದರು. ಆದರೆ ಆ ಒಂದು ಬೋಲ್ಟ್ ಸಡಿಲವಾದರೆ ಬೆಲ್ಟ್ ಹಲ್ಲು ತಪ್ಪುತ್ತದೆ, ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ, ಎಂಜಿನ್ ಗುಜರಿಗೆ ಹೋಗುತ್ತದೆ.

ಡಾಕ್ಟರ ಗಾಡಿಯಲ್ಲಿ ಆದದ್ದು ಅದೇ. ಅಂದು ಆ ಬೋಲ್ಟ್ ಬಿಗಿಯುವ ಕೆಲಸ ಭಾವನದು. ಯಾರದೋ ಫೋನು ಬಂದು ಎದ್ದು ಹೋದವನು, ಹಿಂದಿರುಗಿ ಬಂದು "ಬಿಗಿ" ಎಂದ. ತಮ್ಮ "ಬಿಗಿ" ಎಂದು ಕವರ್ ಮುಚ್ಚಿದ. ಗಾಡಿ ಊರ ಹೊರಗಿನ ಏರಿನಲ್ಲೇ ನಿಂತಿತು. ಗ್ಯಾರೇಜಿನ ಮಾಲೀಕರು ಇಬ್ಬರನ್ನೂ ನಿಲ್ಲಿಸಿ ಕೇಳಿದಾಗ ಭಾವ ನೆಲ ನೋಡುತ್ತಾ, ತಾನು ಬಿಗಿ ಎಂದದ್ದು ನೆನಪಿಲ್ಲ, ಮುಚ್ಚಿದ್ದು ಮಾತ್ರ ಇವನೇ ಎಂದ. ಮುಚ್ಚಿದವನು ಕೆಲಸ ಕಳೆದುಕೊಂಡ. ಅಂದಿನಿಂದ ತಮ್ಮ ಒಂದು ಕಾರ್ಖಾನೆಯ ಸ್ಟೋರಿನಲ್ಲಿ, ಕಿಟಕಿಯ ಒಳಗೆ ನಿಂತು ಬೇರೆಯವರ ಕೈಗೆ ಬೋಲ್ಟ್ ಬಿಗಿಯುವ ಪಾನಗಳನ್ನು, ಸ್ಪ್ಯಾನರುಗಳನ್ನು, ಎತ್ತಿಕೊಡುತ್ತಿದ್ದ. ಕೆಲಸ ಹೋದದ್ದನ್ನು ಹೇಗೋ ನುಂಗಿಕೊಂಡಿದ್ದ. ಒಡಹುಟ್ಟಿದವಳೇ ಗಂಡನ ಮಾತು ನಂಬಿ, ಬಂದಾಗ ಹೋದಾಗಲೆಲ್ಲ ಅದನ್ನು ಚುಚ್ಚಿ ಆಡುವುದು ಮಾತ್ರ ಗಂಟಲಿನಿಂದ ಕೆಳಗಿಳಿದಿರಲಿಲ್ಲ.

ಎಂಜಿನ್ನಿನ ಅಡಿಗೆ ಮರದ ತುಂಡಿಟ್ಟು ಜ್ಯಾಕ್ ಕೊಟ್ಟು, ಎಂಜಿನ್ನನ್ನು ಹಿಡಿದಿಡುವ ಒಂದು ಬದಿಯ ಮೌಂಟ್ ಬಿಚ್ಚಿದ. ಪುಲ್ಲಿ ತೆಗೆದ, ಕವರ್ ತೆಗೆದ. ಗುರುತಿಗೆ ಗುರುತು ಕೂಡಿಸಿ ಹಳೆ ಬೆಲ್ಟನ್ನು ಕಳಚಿದ. ಅದು ಹಲ್ಲುಗಳ ಬುಡದಲ್ಲಿ ಸೀಳಿತ್ತು. ಭಾವ ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಒಂದೊಂದಕ್ಕೂ ಸಲಹೆ ಕೊಡುತ್ತಿದ್ದ. ಹಳೆ ಗ್ಯಾಸ್ಕೆಟ್ಟನ್ನು ಪೂರಾ ಕೆರೆಯಬೇಕಂತೆ, ಪಂಪಿನ ಬೋಲ್ಟುಗಳನ್ನು ಎದುರುಬದುರು ಬಿಗಿಯಬೇಕಂತೆ. ತಮ್ಮ ಎಲ್ಲಕ್ಕೂ "ಹೂಂ ಭಾವ" ಎಂದ. ಅಷ್ಟು ವಿಧೇಯನಾಗಿ ಅವನು ಅಲ್ಲಿಯವರೆಗೆ ಎಂದೂ ಹೂಂಗುಟ್ಟಿದವನಲ್ಲ.

ಹೊಸ ಪಂಪ್ ಕೂತಿತು. ಹೊಸ ಬೆಲ್ಟ್ ಹಲ್ಲಿಗೆ ಹಲ್ಲು ಕೂಡಿತು. ಟೆನ್ಷನರಿನ ಸರದಿ ಬಂದಾಗ ಭಾವ ಮಾತು ನಿಲ್ಲಿಸಿದ. ತಮ್ಮ ಚಕ್ರದ ಗೂಡಿನೊಳಗೆ ತಲೆ ತೂರಿಸಿದ. ನಾಲಿಗೆಯ ತುದಿಗೆ ಬಂದ ಶಬ್ದವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ಆಮೇಲೆ ಪುಲ್ಲಿಯ ಬೋಲ್ಟಿಗೆ ಪಾನ ಹಾಕಿ ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಗುರುತು ನೋಡಿ, ಕವರ್ ಎತ್ತಿಕೊಂಡ. ಕುರ್ಚಿ ಕಿರ್ರೆಂದಿತು. ಭಾವ ಅರ್ಧ ಎದ್ದು ಮತ್ತೆ ಕೂತ. ಕೇಳಿದರೆ ಡಾಕ್ಟರ ಗಾಡಿಯ ಮಾತು ಮೇಲೆ ಬರುತ್ತದೆ. ಅದಕ್ಕೇ ಅವನು ಕೇಳಲಾರನೆಂದು ತಮ್ಮ ಲೆಕ್ಕ ಹಾಕಿಯೇ ಇಟ್ಟಿದ್ದ. ಕವರ್ ಮುಚ್ಚಿತು, ಮೌಂಟ್ ಕೂತಿತು, ಚಕ್ರ ಏರಿತು. ನೀರು ತುಂಬಿಸಿ ಕೀಲಿ ತಿರುಗಿಸಿದರೆ ಎಂಜಿನ್ ಬೆಣ್ಣೆಯ ಹಾಗೆ ಓಡಿತು.

ಅದನ್ನು ನಿಲ್ಲಿಸಿದ ಮೇಲೆ ಭಾವ ಹತ್ತಿರ ಬಂದ.

"ಟೆನ್ಷನರ್ ಬೋಲ್ಟ್ ಬಿಗಿ ಮಾಡಿದ್ಯಾ?"

ತಮ್ಮ ಕೈ ಒರೆಸಿಕೊಳ್ಳುತ್ತಿದ್ದ. "ನೆನಪಿಲ್ಲ ಭಾವ."

"ತಮಾಷೆ ಮಾಡೋ ವಿಷಯನಾ ಇದು?"

"ತಮಾಷೆ ಅಲ್ಲ. ಮಾಲೀಕರ ಮುಂದೆ ನೀವು ನೆನಪಿಲ್ಲ ಅಂದ್ರಿ, ಎಲ್ಲರೂ ನಂಬಿದ್ರು. ಈಗ ನೀವು ನಂಬಿ."

ಭಾವ ಒಗೆಯುವ ಕೋಣೆಯ ಕಡೆ ನೋಡಿದ. ಒಳಗೆ ಯಂತ್ರ ಗಿರಗಿರ ಸುತ್ತುತ್ತಿತ್ತು. ದನಿ ತಗ್ಗಿಸಿ, "ಏನಾಗ್ಬೇಕು ನಿಂಗೆ?" ಎಂದ.

"ಅವತ್ತು ಬಿಗಿ ಅಂದಿದ್ದು ಯಾರು ಅಂತ ಅಕ್ಕನ ಮುಂದೆ ನಿಮ್ಮ ಬಾಯಲ್ಲೇ ಹೇಳಿ. ನೀವು ಹೇಳಿದ ದಿನ ನಾನೂ ಹೇಳ್ತೀನಿ."

ಪಾನಗಳನ್ನು ಪೆಟ್ಟಿಗೆಗೆ ಹಾಕಿಕೊಂಡು ಅಕ್ಕ ಕೊಟ್ಟ ಟೀಯನ್ನೂ ಕುಡಿಯದೆ ಅವನು ಹೊರಟ. ದಾರಿಯುದ್ದಕ್ಕೂ ಮೈ ಹಗುರವಾಗಿತ್ತು. ಒಂಟಿ ಕೈಯವನು ಮೌಂಟ್ ಬಿಚ್ಚಿ ನೋಡಲಾರ. ಬೇರೆಯವರನ್ನು ಕರೆದರೆ ಯಾಕೆಂದು ಹೇಳಬೇಕು. ಸುಮ್ಮನೆ ಹೆಂಡತಿಯನ್ನು ಕಾರಿನಲ್ಲಿ ಕಳಿಸಲಾರ. ಒಂದು ಬೋಲ್ಟನ್ನೂ ಕೆಡಿಸದೆ ಭಾವನ ನಿದ್ದೆ ಕೆಡಿಸಿದ್ದ.

ಮರುದಿನ ಅಕ್ಕ ಫೋನಿನಲ್ಲಿ ರೇಗಾಡಿದಳು. ಗಂಡ ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಕೂತಿದ್ದಾನಂತೆ. ಗಂಟುಗಳನ್ನು ಬಾಡಿಗೆ ವ್ಯಾನಿಗೆ ಹಾಕಿಸಬೇಕಾಯಿತಂತೆ. ಹೋಟೆಲಿನವನೊಬ್ಬ ತಡವಾಯಿತೆಂದು ಅವಳ ಮುಖದ ಮೇಲೇ ಹೇಳಿದನಂತೆ. "ಇಬ್ಬರು ಮೆಕ್ಯಾನಿಕ್ ಇರೋ ಮನೆ ಕಣೋ ನಂದು. ಗಾಡಿ ನೋಡಿದ್ರೆ ಅಂಗಳದಲ್ಲಿ ಮದುಮಗಳ ಥರ ಕೂತಿದೆ" ಎಂದಳು. ತಮ್ಮ ಮೆಲ್ಲಗೆ ನಕ್ಕು, ಭಾವನನ್ನೇ ಕೇಳು ಎಂದು ಫೋನಿಟ್ಟ.

ಆ ನಗು ಮಧ್ಯಾಹ್ನದವರೆಗೆ ಇತ್ತು. ಊಟದ ಬಿಡುವಿನ ನಂತರ ಕಾರ್ಖಾನೆಯ ಫಿಟ್ಟರೊಬ್ಬ ಸ್ಟೋರಿನ ಕಿಟಕಿಗೆ ಬಂದು ಟಾರ್ಕ್ ರೆಂಚ್ ಕೇಳಿದ. ಬೋಲ್ಟ್ ಬೇಕಾದಷ್ಟು ಬಿಗಿಯಾದೊಡನೆ ಕಟ್ ಎಂದು ಸದ್ದು ಮಾಡುವ ಪಾನ ಅದು. ಫಿಟ್ಟರ್ ಅಲ್ಲೇ ಕಿಟಕಿಯ ಕಂಬಿಯ ಬೋಲ್ಟಿಗೆ ಸಿಕ್ಕಿಸಿ ಪರೀಕ್ಷೆ ಮಾಡಿದ. ಕಟ್ ಎಂದಿತು. ತಮ್ಮ ಆ ಸದ್ದನ್ನು ಹಿಂದಿನ ದಿನದ ಅಂಗಳದಲ್ಲಿ ಹುಡುಕಿದ. ಪಂಪಿನ ಬೋಲ್ಟುಗಳಿಗೆ ಬಂದದ್ದು ನೆನಪಾಯಿತು, ಪುಲ್ಲಿಗೆ ಬಂದದ್ದು ನೆನಪಾಯಿತು. ಟೆನ್ಷನರಿಗೆ ಬರಲಿಲ್ಲ. ಕೈಯಲ್ಲಿ ಪಾನ ಇತ್ತು, ಅದು ಖಚಿತ. ಆದರೆ ಆ ಗಳಿಗೆಯಲ್ಲಿ ಅವನ ಜೀವವೆಲ್ಲ ನಾಲಿಗೆಯನ್ನು ಹಿಡಿದಿಡುವುದರಲ್ಲಿತ್ತು. ಇಷ್ಟು ವರ್ಷ ಬಾಯಿ ಕೂಗಿದ್ದರಿಂದಲೇ ಕೈಗೆ ನೆನಪು ಉಳಿಯುತ್ತಿತ್ತು ಎಂಬುದು ಅವನಿಗೆ ಕಿಟಕಿಯ ಹಿಂದೆ ನಿಂತು ಹೊಳೆಯಿತು. ಫಿಟ್ಟರ್ ಎರಡು ಸಲ ಕರೆದ ಮೇಲೆ ತಲೆ ಎತ್ತಿದ.

ಹೋಗಿ ಬಿಚ್ಚಿ ನೋಡೋಣವೆಂದರೆ ಕಟ್ಟಿದ್ದ ಪಂತ ಕೈಯಾರೆ ಬಿಚ್ಚಿದಂತೆ. ತನಗೂ ಗೊತ್ತಿಲ್ಲವೆಂದು ಹೇಳಿದರೆ ಭಾವ ಗೆದ್ದ. ಇವನ ಗಮನವೇ ಹಾಗೆ ಎಂದು ಅಕ್ಕನೂ ತಲೆಯಾಡಿಸುತ್ತಾಳೆ. ಹೇಳದಿದ್ದರೆ, ಭಾವ ಮಲಗಿದ್ದಾಗ ಅಕ್ಕ ಜೇಬಿಗೆ ಕೈ ಹಾಕಿ ಕೀಲಿ ತೆಗೆದುಕೊಂಡು ಹೋದರೆ? ಏರು ರಸ್ತೆಯಲ್ಲಿ, ಹಿಂದೆ ಲಾರಿ ಇರುವಾಗ? ಅವನು ಬೆಳಿಗ್ಗೆ ಸಂಜೆ ಫೋನು ಮಾಡಿ ಬೇರೇನೋ ಮಾತಾಡಿ, ಕಾರು ಅಂಗಳದಲ್ಲೇ ಇದೆಯೇ ಎಂದು ತಿಳಿದುಕೊಳ್ಳತೊಡಗಿದ. ಭಾವ ಹೆದರಿಕೊಂಡೇ ಇರಲಿ, ಕೀಲಿ ಅವನ ಜೇಬಿನಲ್ಲೇ ಇರಲಿ ಎಂದು ಬೇಡಿಕೊಳ್ಳುವಂತಾಯಿತು. ಸೇಡಿಗೆ ಹಿಡಿದವನನ್ನೇ ಕಾವಲಿಗೆ ನಂಬಬೇಕಾಗಿ ಬಂದದ್ದು ಅವನಿಗೆ ಇನ್ನಷ್ಟು ಸಿಟ್ಟು ತರಿಸಿತು.

ಭಾನುವಾರ ಭಾವ, ಅಕ್ಕ ಇಬ್ಬರೂ ನಡೆದುಕೊಂಡೇ ಅವನ ಮನೆಗೆ ಬಂದರು. ಭಾವ ಕೂರಲಿಲ್ಲ. ಬಾಗಿಲಲ್ಲೇ ನಿಂತು, ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಹೆಂಡತಿಗೆ ಹೇಳಿದ.

"ಡಾಕ್ಟರ ಗಾಡೀದು ನಾನೇ. ಬಿಗಿ ಮಾಡಿರಲಿಲ್ಲ, ಮಾಡ್ದೆ ಅಂದ್ಕೊಂಡು ಬಿಗಿ ಅಂದೆ. ಇವನು ನನ್ನ ಮಾತು ನಂಬಿ ಮುಚ್ಚಿದ. ಮಾಲೀಕರ ಮುಂದೆ ಬಾಯಿ ಬರಲಿಲ್ಲ."

ಅಕ್ಕ ಗಂಡನನ್ನು ನೋಡಿದಳು. ಆಮೇಲೆ ತಮ್ಮನನ್ನು ನೋಡಲು ಹೋಗಿ, ಅರ್ಧದಲ್ಲೇ ಕಣ್ಣು ತಗ್ಗಿಸಿದಳು. "ಇಷ್ಟು ವರ್ಷ ನನ್ನ ಕೈಲಿ ಏನೇನು ಅನ್ನಿಸಿದ್ರಿ ಇವನಿಗೆ" ಎಂದು ಗಂಡನಿಗೆ ಹೇಳಿದಳು.

ಕಾದಿದ್ದ ಮಾತು ಬಂದಿತ್ತು. ತಮ್ಮನಿಗೆ ಅದರ ರುಚಿ ತಿಳಿಯುವಷ್ಟೂ ಪುರುಸೊತ್ತು ಸಿಗಲಿಲ್ಲ.

"ಈಗ ನೀನು ಹೇಳು," ಎಂದ ಭಾವ.

ತಮ್ಮ ಒಳಗೆ ಹೋಗಿ ಪಾನದ ಪೆಟ್ಟಿಗೆ ತಂದ. "ಬನ್ನಿ" ಎಂದಷ್ಟೇ ಹೇಳಿದ.

ಅಕ್ಕನ ಅಂಗಳದಲ್ಲಿ ಮತ್ತೆ ಚಕ್ರ ಇಳಿಯಿತು, ಜ್ಯಾಕ್ ಏರಿತು, ಮೌಂಟ್ ಬಿಚ್ಚಿತು. ಭಾವ ಈ ಸಲ ಕುರ್ಚಿ ತರಿಸಲಿಲ್ಲ, ಬಗ್ಗಲಾರದೆ ಬಗ್ಗಿ ಪಕ್ಕದಲ್ಲೇ ನಿಂತ. ಆದರೂ ತಮ್ಮನ ಬೆನ್ನು ಅಡ್ಡವಿತ್ತು. ತಮ್ಮ ಬೋಲ್ಟಿಗೆ ಪಾನ ಕೊಟ್ಟು ಒಂದು ಗಳಿಗೆ ಹಾಗೇ ಇದ್ದ. ನಂತರ ಅದನ್ನು ಸಡಿಲಿಸಿ, ಹೊಸದಾಗಿ ಬಿಗಿದ. ಕಟ್ ಎಂದದ್ದು ಈ ಸಲ ಅಕ್ಕನಿಗೂ ಕೇಳಿಸಿತು.

"ಹೇಗಿತ್ತು?" ಭಾವ ಮೆಲ್ಲಗೆ ಕೇಳಿದ. "ನಿನ್ನನ್ನೇ ಕೇಳ್ತಿರೋದು. ಮುಂಚೆ ಹೇಗಿತ್ತು?"

ತಮ್ಮ ಕವರ್ ಎತ್ತಿಕೊಂಡು ಅದರ ಧೂಳು ಒರೆಸಿದ. ಒರೆಸಿದ ಜಾಗವನ್ನೇ ಇನ್ನೊಮ್ಮೆ ಒರೆಸಿದ.

ಮಧ್ಯಾಹ್ನ ಅಕ್ಕ ಬಿಳಿ ಗಂಟುಗಳನ್ನು ಹಿಂದಿನ ಸೀಟಿಗೆ ತುಂಬಿ ಒಬ್ಬಳೇ ಹೊರಟಳು. ಇಬ್ಬರು ಗಂಡಸರೂ ಗೇಟಿನ ಆಚೆ ಈಚೆ ನಿಂತು, ಒಬ್ಬರ ಮುಖ ಒಬ್ಬರು ನೋಡದೆ, ಕಾರಿನ ಸದ್ದು ತಿರುವಿನಲ್ಲಿ ಕರಗುವವರೆಗೂ ಕಿವಿಗೊಟ್ಟರು. ಆ ಬೋಲ್ಟ್ ಮೊದಲು ಬಿಗಿಯಾಗಿತ್ತೋ ಸಡಿಲವಾಗಿತ್ತೋ, ಬಿಚ್ಚಿದ ಕೈಗೆ ತಿಳಿದೇ ಇರಬೇಕು. ಅವನು ಈವರೆಗೆ ಭಾವನಿಗೂ ಹೇಳಿಲ್ಲ, ಅಕ್ಕನಿಗೂ ಹೇಳಿಲ್ಲ. ಸೇಡಿಗೆ ಹೇಳಲಿಲ್ಲವೋ, ನಾಚಿಕೆಗೆ ಹೇಳಲಿಲ್ಲವೋ, ನನಗೂ ಗೊತ್ತಿಲ್ಲ.