ಬೆರಳಗಲದ ಸಂದು

ಸಕ್ಕರೆ ನೀರಿನ ವಾಸನೆ, ಮತ್ತೆ ಅದೇ ಹಳಸಲು ಪಾನಕದ ವಾಸನೆ, ಉಪ್ಪು ಸಕ್ಕರೆ ಕಲಸಿ ಫೈಬರ್ ತೊಟ್ಟಿಗೆ ಸುರಿದು ಇದೇ ಮನುಷ್ಯರ ಮೈ ಅಂದುಕೊಳ್ಳಿ ಅನ್ನುತ್ತಾರೆ, ಅಂದುಕೊಂಡು ಅಂದುಕೊಂಡೇ ಶಶಿರೇಖಾಗೆ ವರ್ಷಗಳು ಕಳೆದವು, ಮೊಬೈಲಿನ ತರಂಗ ಮೈಯೊಳಗೆ ಎಷ್ಟು ಇಳಿಯುತ್ತದೆಂದು ದೇವನಹಳ್ಳಿಯ ಈ ಲ್ಯಾಬಿನಲ್ಲಿ ಅಳೆಯುವುದೇ ಅವಳ ಅನ್ನ — ತೊಟ್ಟಿಯ ಅಡಿಗೆ ಫೋನು, ಮೇಲಿನಿಂದ ಯಂತ್ರದ ಕೈ ಕಡ್ಡಿ ಅದ್ದಿ ಅದ್ದಿ ನೋಡುತ್ತದೆ, ತಲೆ ಮೇಲೆ ವಿಮಾನ ಇಳಿಯುತ್ತಿದೆ, ಕಿಟಕಿ ಗಾಜು ಗಿರ್ರೆನ್ನುತ್ತದೆ, ಪರದೆ ತುಂಬ ಹಸಿರು, ಪಾಸ್. ಪಾಸಂತೆ, ಇವರ ಮುಖಕ್ಕಿಷ್ಟು. ಫೋನಿಗೂ ತೊಟ್ಟಿಗೂ ನಡುವೆ ಬೆರಳಗಲದ ಸ್ಪಂಜು ತುರುಕಿದರೆ ಯಾವ ಫೋನು ತಾನೇ ಪಾಸಾಗುವುದಿಲ್ಲ? ಊಟದ ಹೊತ್ತಿನಲ್ಲಿ ಅದನ್ನು ಕಿತ್ತೆಸೆದು, ಫೋನನ್ನು ತೊಟ್ಟಿಗೇ ಅಂಟಿಸಿ ಅಳೆದಳಲ್ಲ, ಕೆಂಪು, ಮಿತಿ ದಾಟಿ ಕೆಂಪು, ಮ್ಯಾನೇಜರ್ ಸಿದ್ದರಾಜು ನೋಡಿ ನಕ್ಕ, ಏನಮ್ಮಾ ಶಶಿ, ಮೈಯಿಂದ ಇಷ್ಟು ದೂರ ಇಟ್ಕೊಳ್ಳಿ ಅಂತ ಫೋನ್ ಡಬ್ಬಿ ಒಳಗಿನ ಚೀಟೀಲೇ ಬರ್ದವ್ರೆ, ರೂಲ್ ಪ್ರಕಾರ ಸ್ಪಂಜ್ ಇಡು, ಮೈಗಂಟಿಸ್ಕೊಂಡು ಯಾರು ಓಡಾಡ್ತಾರೆ ಹೇಳು. ಯಾರಂತೆ, ಥೂ. ನಮ್ಮೂರು ಆವತಿಗೆ ಬಾರಯ್ಯ, ತೋರಿಸ್ತೀನಿ ಯಾರು ಅಂತ.

ಅಮ್ಮ, ಬೆಳಗಾಗೆದ್ದು ಹಾಲು ಕರೆಯಲು ಬಗ್ಗಿದರೆ ರವಿಕೆಯೊಳಗಿಂದ ನೀಲಿ ಬೆಳಕು, ಬಟ್ಟೆ ದಾಟಿ ಮಿಣಮಿಣ — ಯುಗಾದಿಗೆ ಇವಳೇ ಕೊಡಿಸಿದ ಫೋನು, ಇದೇ ಮಾಡೆಲ್, ಈ ತೊಟ್ಟಿಯಡಿ ಬಿದ್ದಿದೆಯಲ್ಲ ಇದೇ — ಅಲ್ಲಿಡಬೇಡಮ್ಮ ಅಂದರೆ, ಸೀರೆಗೆಲ್ಲೈತೆ ಜೇಬು, ತಲೆ ಮ್ಯಾಲೆ ಮಡೀಕಳ್ಳಾ? ಇಲ್ಲಿದ್ರೆ ನೀನ್ ಫೋನ್ ಮಾಡಿದ್ದು ತಟ್ನೆ ಗೊತ್ತಾಯ್ತದೆ ಕಣೇ, ಎದೆ ಗುರ್ ಅಂತದೆ. ಮಿತಿ ದಾಟಿದ ಮಾತ್ರಕ್ಕೆ ಕಾಯಿಲೆ ಬಂದೇಬಿಟ್ಟಿತೆಂದು ಶಶಿಯೂ ಹೇಳಲಾರಳು, ಓದಿದವಳು, ಸಿಟ್ಟು ಅದಕ್ಕಲ್ಲ, ಬೆಲ್ಟು ಕಟ್ಟುವವರು, ಪ್ಯಾಂಟಿನ ತುಂಬ ಜೇಬಿರುವವರು ಕೂತು ಬರೆದ ರೂಲಿನಲ್ಲಿ ಅಮ್ಮನದು ಮೈಯೇ ಅಲ್ಲ, ಪಕ್ಕದ ಮನೆ ಮುನಿಗಂಗಮ್ಮನದೂ ಅಲ್ಲ, ಈ ಸಕ್ಕರೆ ನೀರು ಮಾತ್ರ ಮೈ. ಸೈನ್ ಹಾಕಮ್ಮ, ಸಂಜೆಯೊಳಗೆ ಕಳಿಸ್ಬೇಕು, ಸಿದ್ದರಾಜು ಹೆಗಲ ಹಿಂದೆಯೇ ನಿಂತಿದ್ದಾನೆ, ಸೆಂಟಿನ ನಾತ, ನೀವೇ ಹಾಕ್ಕೊಳ್ಳಿ ಸಾರ್ — ಬಾಯಿಂದ ಬಂದೇಬಿಟ್ಟಿತು — ಏನಂದೆ? ನಾನ್ ಹಾಕಲ್ಲ, ಅಂಟಿಸಿ ಅಳೆದಿದ್ದನ್ನೂ ಬರೀರಿ, ಆಮೇಲೆ ಹಾಕ್ತೀನಿ. ಅವನು ಬರೆಯಲಿಲ್ಲ, ಅವಳ ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ ತಾನೇ ಸೈನ್ ಬಟನ್ ಒತ್ತಿದ, ಅಷ್ಟೇ, ಹಸಿರು ಹಸಿರಾಗಿಯೇ ಹೋಯಿತು, ಪಾಪಿ.

ಮೆಟ್ಟಿಲ ಬಳಿ ಬಂದಳು, ಇವರಿಗೆ ಹೇಳಿ ಪ್ರಯೋಜನವಿಲ್ಲ, ಅಮ್ಮನಿಗೇ ಹೇಳಬೇಕು, ಈಗಲೇ ತೆಗೆದು ಆಚೆಗಿಡು ಅಂತ, ಗದರಿಸಿಯಾದರೂ ಹೇಳಬೇಕು, ನಂಬರು ಒತ್ತಿದಳು, ರಿಂಗಾಗುತ್ತಿದೆ, ಎತ್ತುತ್ತಿಲ್ಲ, ಹುಲ್ಲು ಕೊಯ್ಯುತ್ತಿರಬೇಕು, ಬಗ್ಗಿರಬೇಕು, ಎರಡೂ ಕೈ ತುಂಬ ಹಸಿ ಹುಲ್ಲು, ರಿಂಗಾಗುತ್ತಿದೆ — ಎಲ್ಲಿ, ಅಯ್ಯೋ, ರಿಂಗಾಗುತ್ತಿರುವುದು ಎಲ್ಲಿ? ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಬಿಸಿಲಿಗೆ ಹೋಗ್ಬೇಡ, ಗಳಿಗೆಗೊಂದು ಸಲ ಆ ಎದೆಯಲ್ಲಿ ಗುರ್ ಅನ್ನಿಸುವವಳು ಯಾರು, ಸಿದ್ದರಾಜುವೇ? ಕಟ್ ಮಾಡಬೇಕು, ಕಟ್ ಮಾಡಿದರೆ ಹೇಳುವುದು ಹೇಗೆ, ಎತ್ತಮ್ಮ, ಎತ್ತೇ, ಬಟ್ಟೆ ದಾಟಿ, ಮಿಣಮಿಣ, ರವಿಕೆಯೊಳಗೆ ನೀಲಿ ಬೆಳಕು