ದೇವರ ಜಗಲಿಯ ಮೇಲಿನ ರಾಜ

ಅಂದು ಬೆಳಿಗ್ಗೆ ಯಾರ ಮನೆಯಿಂದಲೂ ರೊಟ್ಟಿ ಬರಲಿಲ್ಲ. ನನ್ನ ಗಂಡನನ್ನು ಮಣ್ಣು ಮಾಡಿ ಬಂದ ದಿನದಿಂದ ಓಣಿಯವರು ಸರದಿಯ ಮೇಲೆ ಬುಟ್ಟಿ ಕಳಿಸುತ್ತಿದ್ದರು. ಆರಾಧನೆ ಮುಗಿಯಿತು, ಬುಟ್ಟಿಯೂ ನಿಂತಿತು. ನಾನು ಒಲೆ ಹಚ್ಚಿ ಹಿಟ್ಟು ನಾದಿದೆ.

ಬಂದವರು ಮುರ್ತುಜಸಾಬರು ಮಾತ್ರ. ಇಳಕಲ್ಲಿನ ನಮ್ಮ ಓಣಿಯ ವಾಚನಾಲಯ ನೋಡಿಕೊಳ್ಳುವವರು. ದಿನಾ ಬಂದು ಕಟ್ಟೆಯ ಮೇಲೆ ಕೂತು, ದೇವರ ಜಗಲಿಯ ಕಡೆ ನೋಡಿ ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಒಡಹುಟ್ಟಿದವರೂ ಇಷ್ಟು ಅತ್ತಿಲ್ಲವೆಂದು ಅತ್ತೆ ಗುರುಸಿದ್ದವ್ವ ಮೆಚ್ಚಿಕೊಂಡಿದ್ದರು. ಅಂದು ಅತ್ತೆ ಹಿತ್ತಲಿಗೆ ಹೋದದ್ದು ನೋಡಿ ಸಾಬರು ಬಾಯಿ ಬಿಟ್ಟರು.

“ಅಕ್ಕಾರ, ಮಾಸ್ತರು ನನ್ನ ಕಡಿಂದ ಒಂದು ಪುಸ್ತಕ ಒಯ್ದಿದ್ರು. ದುಃಖದ ಮನ್ಯಾಗ ಹೆಂಗ ಕೇಳ್ಲಿ ಅಂತ ಸುಮ್ನಿದ್ದೆ. ನಾಳೆ ಸರಕಾರಿ ಸಾಹೇಬ್ರು ಅದನ್ನ ಒಯ್ಯಾಕ ಬರ್ತಾರ. ಕಪಾಟಿನ್ಯಾಗ ಪುಸ್ತಕ ಇಲ್ಲಂದ್ರ ನನ್ನ ಒಯ್ತಾರ.”

ತುರ್ತು ಪರಿಸ್ಥಿತಿಯ ಕಾಲ. ಕೆಲವು ಪುಸ್ತಕ ಯಾರೂ ಓದಬಾರದೆಂದು ಮೇಲಿನಿಂದ ಮಾತು ಬಂದಿತ್ತು. ಅವುಗಳಲ್ಲಿ ಇದೂ ಒಂದು, ಒಬ್ಬ ರಾಜ ತನ್ನ ರಾಜ್ಯವನ್ನು ತಾನೇ ಕಳೆದುಕೊಂಡ ಕಥೆ. ಪುಸ್ತಕ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ತೊಂದರೆ ಅದೇ.

ನನ್ನ ಮನೆಯವರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ಮನೆಗಳನ್ನು ತಪಾಸು ಮಾಡುತ್ತಾರೆಂಬ ಸುದ್ದಿ ಹಬ್ಬಿದ ದಿನ ಪುಸ್ತಕವನ್ನು ಅತ್ತೆಯ ಹಳೆಯ ಸೀರೆಯ ಸೆರಗಿನಲ್ಲಿ ಸುತ್ತಿ ದೇವರ ಜಗಲಿಯ ಮೇಲೆ ವಚನದ ಕಟ್ಟಿನ ಪಕ್ಕ ಇಟ್ಟರು. ಪೊಲೀಸರು ಅಲ್ಲಿ ಕೈ ಹಾಕುವುದಿಲ್ಲ ಎಂಬ ಲೆಕ್ಕ. ತಾಯಿಗೆ ಹೇಳಲಿಲ್ಲ. ನಮ್ಮಲ್ಲಿ ಜಗಲಿಯ ಮೇಲಿನ ಗಂಟನ್ನು ಯಾರೂ ಬಿಚ್ಚಿ ನೋಡುವುದಿಲ್ಲ, ಕೈ ಮುಗಿಯುತ್ತಾರೆ. ಮರುದಿನ ಅದರ ಮೇಲೆ ವಿಭೂತಿ ಬಿತ್ತು, ಪತ್ರಿ ಏರಿತು. ಪೂಜೆಗೆ ಎಂದೂ ನಿಲ್ಲದ ಮಗ ಸಂಜೆ ಕೈಕಾಲು ತೊಳೆದು ಗಂಟು ಇಳಿಸಿಕೊಂಡು ಓದುವುದನ್ನು ನೋಡಿ ಅತ್ತೆ ಮಗ ಪುರಾಣ ಹಚ್ಚಿದ್ದಾನೆಂದು ಓಣಿಗೆಲ್ಲ ಹೇಳಿ ಬಂದರು. ತನ್ನ ಒದೆಯುವ ಎಮ್ಮೆಗೆ ಪಕ್ಕದ ಮನೆಯ ರೇಣವ್ವ ಆ ಗಂಟಿನ ವಿಭೂತಿ ಹಚ್ಚಿದಳು. ಎಮ್ಮೆ ಹಾಲು ಕೊಟ್ಟಿತು. ಆಮೇಲೆ ಪುಸ್ತಕದ ಕೀರ್ತಿಗೆ ತಡೆಯಿರಲಿಲ್ಲ. ನಾವಿಬ್ಬರೂ ಕೋಣೆಯಲ್ಲಿ ತಲೆದಿಂಬು ಕಚ್ಚಿ ನಕ್ಕಿದ್ದೆವು.

ಈಗ ಅತ್ತೆಗೆ ಹೇಳಿದೆ, ಆ ಗಂಟು ಸಾಬರದು, ಇವತ್ತೇ ಕೊಡಬೇಕು ಎಂದು. ಸಾಬರ ಬಳಿ ಪುರಾಣವಿತ್ತೆಂದು ಅವರಿಗೆ ಆಶ್ಚರ್ಯವಾಗಲಿಲ್ಲ. ಒಳ್ಳೆಯ ಮನುಷ್ಯನೆಂದು ಮೊದಲೇ ಗೊತ್ತಿತ್ತು ಎಂದರು. ಆದರೆ ಗಂಟು ಕೊಡಲಿಲ್ಲ.

“ನನ್ನ ಮಗಾ ಅರ್ಧಕ್ಕ ಬಿಟ್ಟಾನ. ಹಚ್ಚಿದ ಪುರಾಣ ಮಂಗಲ ಆಗೂತನಕ ಹೊಸ್ತಿಲಾ ದಾಟಬಾರದು.”

ಅವರಿಗೆ ಅಕ್ಷರ ಬಾರದು. ಆದರೆ ಮಗ ಎಲ್ಲಿ ನಿಲ್ಲಿಸಿದ್ದಾನೆಂದು ಗೊತ್ತಿತ್ತು. ಅಲ್ಲಿ ಹುನಗುಂದದ ಬಸ್ಸಿನ ಟಿಕೀಟು ಸಿಕ್ಕಿಸಿತ್ತು.

ಉಳಿದದ್ದನ್ನು ಓದಿ ಮುಗಿಸಲು ಓಣಿಯ ಅಯ್ಯನವರಾದ ರಾಚಯ್ಯನವರಿಗೆ ಹೇಳಿಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಪಡಸಾಲೆ ತುಂಬಿತು. ಎಲ್ಲ ಪುರಾಣಕ್ಕೂ ಮುಂದಿನ ಸಾಲಿನಲ್ಲಿ ಕೂರುವ ಕಾಶಪ್ಪ, ಆಳುವ ಪಕ್ಷದ ನಮ್ಮೂರ ಮುಖಂಡ, ಇಸ್ತ್ರಿ ಮಾಡಿದ ಖಾದಿಯಲ್ಲಿ ಬಂದು ಮುಂದೆಯೇ ಕೂತ. ಮುರ್ತುಜಸಾಬರು ಕಂಬದ ಹಿಂದೆ ಸರಿದರು. ಈ ಸಲ ಖರೆ ಅಳುತ್ತಿದ್ದರು.

ರಾಚಯ್ಯನವರು ಗಂಟು ಬಿಚ್ಚಿ, ಮೂಗಿನ ಮೇಲೆ ಚಾಳೀಸು ಏರಿಸಿ, ಟಿಕೀಟು ಇದ್ದಲ್ಲಿ ತೆರೆದು ಮನಸ್ಸಿನಲ್ಲೇ ಒಂದು ಸಾಲು ಓದಿದರು. ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಕೈ ಮುಗಿದು ಕೂತಿದ್ದ ಅತ್ತೆಯನ್ನು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ರಾಗವಾಗಿ ಶುರು ಮಾಡಿದರು.

ರಾಜನಿಗೆ ಎಲ್ಲದರ ಮೇಲೂ ಸಂಶಯ. ನಾಲ್ಕು ಜನ ಕೂಡಿ ನಗಬಾರದು, ತನ್ನನ್ನೇ ನಗುತ್ತಿರಬಹುದು. ಗುಡಿಯ ಗಂಟೆ ಬಾರಿಸಬಾರದು, ಅದು ವೈರಿಗೆ ಸನ್ನೆಯಾಗಬಹುದು. ಪೂಜಾರಿಗಳು ದೇವರಿಗೂ ಸದ್ದು ಸೇರದೆಂದು ಒಪ್ಪಿಕೊಂಡರು. ಕೊನೆಗೆ ವೈರಿಯ ದಂಡು ಬಾಗಿಲಿಗೇ ಬಂತು. ಕೋಟೆಯ ಕಾವಲುಗಾರ ನೋಡಿದ. ಕೂಗಿದರೆ ಸುಳ್ಳು ಸುದ್ದಿ ಹಬ್ಬಿಸಿದನೆಂದು ಕೈ ಕಡಿಯುತ್ತಾರೆ. ಕೂಗಲು ಅಪ್ಪಣೆ ಬೇಕೆಂದು ಅರಮನೆಗೆ ಹೇಳಿಕಳಿಸಿ ಕೂತ. ಅಪ್ಪಣೆ ತಂದುಕೊಟ್ಟವನು ವೈರಿಯ ಸಿಪಾಯಿ.

ಪ್ರತಿ ಪುಟದ ಕೊನೆಗೆ ರಾಚಯ್ಯನವರು ತಾವಾಗಿಯೇ ಒಂದು “ಹರ ಹರ ಮಹಾದೇವ” ಸೇರಿಸುತ್ತಿದ್ದರು. ಜನ ಹೂಂಗುಟ್ಟುತ್ತಿದ್ದರು. ಎಲ್ಲರಿಗಿಂತ ದೊಡ್ಡ ದನಿ ಕಾಶಪ್ಪನದು.

“ಎಂಥಾ ದಡ್ಡ ರಾಜಾರೀ ಇಂವಾ,” ಎಂದು ತೊಡೆ ತಟ್ಟಿಕೊಂಡ. “ಯಾವ ದೇಶದಾಂವ್ರಿ, ಅಯ್ಯಾರ?”

ಪಡಸಾಲೆಯಲ್ಲಿ ಯಾರೋ ಕೆಮ್ಮಿದರು. ರಾಚಯ್ಯನವರು ಚಾಳೀಸು ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಭಾಳ ದೂರಪಾ. ಏಳು ಸಮುದ್ರದ ಆಚಿ.”

ಹಾಗೇ ಇರಬೇಕು, ನಮ್ಮ ದೇಶದಲ್ಲಿ ಹೀಗಾಗಲು ಸಾಧ್ಯವಿಲ್ಲ ಎಂದು ಕಾಶಪ್ಪ ಸಮಾಧಾನಪಟ್ಟ. ಕಂಬದ ಹಿಂದಿನಿಂದ ಒಂದು ಬಿಕ್ಕು ಕೇಳಿತು. ಸಾಬರದು ಎಷ್ಟು ಮೆತ್ತನೆಯ ಮನಸ್ಸೆಂದು ಹೆಂಗಸರು ಮಾತಾಡಿಕೊಂಡರು.

ಪುಸ್ತಕ ಮುಗಿಯಿತು, ಮಂಗಳಾರತಿಯಾಯಿತು. ನಾನು ಅದನ್ನು ಸೆರಗಿನಡಿ ಇಟ್ಟುಕೊಂಡು ಹಿತ್ತಲ ಬಾಗಿಲಿನಿಂದ ಹೋಗಬೇಕೆಂದಿದ್ದೆ. ಅತ್ತೆ ಬಿಡಲಿಲ್ಲ. ಮಂಗಲವಾದ ಪುರಾಣ ಕಳ್ಳರ ಹಾಗೆ ಹೋಗುವುದಿಲ್ಲ, ತಲೆಯ ಮೇಲೆ ಹೋಗುತ್ತದೆ. ಯಾರ ತಲೆ ಎಂದು ಕೇಳುವ ಮೊದಲೇ ಕಾಶಪ್ಪ ಟೋಪಿ ತೆಗೆದು ಬಗ್ಗಿ ನಿಂತ.

ಮುಂದೆ ತಾಳ, ಅದರ ಹಿಂದೆ ಪುಸ್ತಕ ಹೊತ್ತ ಕಾಶಪ್ಪ, ಅವನ ಹಿಂದೆ ಓಣಿ. ದಾರಿಯಲ್ಲಿ ಪೊಲೀಸ್ ಚೌಕಿ ಬಂತು. ಸಾಬರು ನನ್ನ ಪಕ್ಕದಲ್ಲಿ ಉಸಿರು ಹಿಡಿದರು. ಹವಾಲ್ದಾರ ಎದ್ದು ಬಂದ. ಚಪ್ಪಲಿ ಬಿಟ್ಟ, ಗಂಟು ಮುಟ್ಟಿ ಕಣ್ಣಿಗೊತ್ತಿಕೊಂಡ, ಎದುರು ಬಂದ ಚಕ್ಕಡಿಯನ್ನು ನಿಲ್ಲಿಸಿ ನಮಗೆ ದಾರಿ ಮಾಡಿಕೊಟ್ಟ.

ವಾಚನಾಲಯದ ಬಾಗಿಲಲ್ಲಿ ಕಾಶಪ್ಪ ಗಂಟನ್ನು ತಾನೇ ಸಾಬರಿಗೆ ಕೊಡಲು ಹೋದ. ಅತ್ತೆ ತಡೆದರು.

“ನೀನ ಕೊಡವಾ,” ಎಂದು ನನ್ನ ಕಡೆ ತಿರುಗಿದರು. “ಇಸಗೊಂಡಾಂವ ನಿನ್ನ ಗಂಡ.”

ಪುಸ್ತಕಕ್ಕೆ ಸುತ್ತಿದ್ದ ಹಳೆಯ ಸೆರಗನ್ನು ಬಿಚ್ಚಿ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡೆ. ರಟ್ಟಿನ ತುಂಬ ವಿಭೂತಿ ಅಂಟಿತ್ತು. ಸಾಬರು ಎರಡೂ ಕೈ ಚಾಚಿ ನಿಂತಿದ್ದರು. ಹುನಗುಂದದ ಟಿಕೀಟನ್ನು ರಾಚಯ್ಯನವರು ಕೊನೆಯ ಪುಟಕ್ಕೆ ಸರಿಸಿದ್ದರು. ಅದನ್ನು ಅಲ್ಲಿಯೇ ಬಿಟ್ಟು ಪುಸ್ತಕ ಕೊಟ್ಟೆ.